ಒಂದೇ ಲಿಂಕ್, ಬೇರೆ ಬೇರೆ ಪುಟ: ಪರ್ಮಿಷನ್ ನೋಡಿ ರಿಡೈರೆಕ್ಟ್ ಮಾಡುವ ಡಾಕ್ಸ್ ಪೋರ್ಟಲ್‌ಗೆ ಸಮಗ್ರ ಮಾರ್ಗದರ್ಶಿ

ಒಂದು ಡಾಕ್ಸ್ ಲಿಂಕನ್ನು ಗ್ರೂಪ್‌ನಲ್ಲಿ ಹಾಕಿದಿರಿ ಎಂದುಕೊಳ್ಳಿ. ಒಬ್ಬರಿಗೆ ಸರಿಯಾದ ಪುಟವೇ ತೆರೆಯಿತು. ಇನ್ನೊಬ್ಬರು ಲಾಗಿನ್ ಪುಟಕ್ಕೆ ಹೋದರು, ಪಾಸ್‌ವರ್ಡ್ ಕೊಟ್ಟರು, ಆಮೇಲೆ ಪೋರ್ಟಲ್‌ನ ಮುಖಪುಟದಲ್ಲಿ ಬಂದು ನಿಂತರು, ಓದಬೇಕಿದ್ದ ಪುಟ ಎಲ್ಲಿ ಹೋಯಿತು ಅಂತ ಹುಡುಕುತ್ತಾ ಕೂತರು. ಮೂರನೆಯವರಿಗೆ 404, ಅಂದರೆ "ಪುಟ ಸಿಗಲಿಲ್ಲ" ಅನ್ನುವ ಉತ್ತರ. ನಾಲ್ಕನೆಯವರ ಬ್ರೌಸರ್ "ತುಂಬಾ ಸಲ ರಿಡೈರೆಕ್ಟ್ ಆಯಿತು" ಎಂದು ಕೈಚೆಲ್ಲಿತು (ರಿಡೈರೆಕ್ಟ್ ಅಂದರೆ ಕೇಳಿದ ವಿಳಾಸದಿಂದ ಬೇರೆ ವಿಳಾಸಕ್ಕೆ ತಾನಾಗೇ ಕಳಿಸುವುದು). ಲಿಂಕ್ ಮಾತ್ರ ಒಂದೇ. ನಾಲ್ವರಲ್ಲಿ ಮೂವರು "ಲಿಂಕ್ ಕೆಲಸ ಮಾಡ್ತಿಲ್ಲ" ಅನ್ನುತ್ತಾರೆ, ಮೂವರ ಕಾರಣವೂ ಬೇರೆ ಬೇರೆ.

ಈ ಮಾರ್ಗದರ್ಶಿ ಡಾಕ್ಯುಮೆಂಟೇಶನ್ ಪೋರ್ಟಲ್ ಕಟ್ಟುವವರಿಗೆ, ಅದನ್ನು ನೋಡಿಕೊಳ್ಳುವವರಿಗೆ, ಮತ್ತು ಇಂಥ ದೂರುಗಳಿಗೆ ಉತ್ತರ ಕೊಟ್ಟು ಸುಸ್ತಾದ ಟೆಕ್ನಿಕಲ್ ರೈಟರ್‌ಗಳಿಗೆ. ಎಲ್ಲಕ್ಕೂ ಒಂದೇ ನಿಯಮ, ಮೊದಲೇ ಹೇಳಿಬಿಡುತ್ತೇನೆ: ಯಾವ ಪುಟ ಬೇಕು ಅನ್ನುವುದನ್ನು ಮಾತ್ರ ಲಿಂಕ್ ಹೇಳಬೇಕು. ಯಾರಿಗೆ ಏನು ತೋರಿಸಬೇಕು ಅನ್ನುವುದನ್ನು ಸರ್ವರ್ ಪ್ರತಿ ಕ್ಲಿಕ್‌ಗೂ ಹೊಸದಾಗಿ ತೀರ್ಮಾನಿಸಬೇಕು. ಆ ತೀರ್ಮಾನ ಲಿಂಕ್‌ನಲ್ಲೂ ಉಳಿಯಬಾರದು, ಬ್ರೌಸರ್‌ನ ಕ್ಯಾಶ್‌ನಲ್ಲೂ (ಮತ್ತೆ ಬಳಸಲು ಉತ್ತರಗಳನ್ನು ಇಟ್ಟುಕೊಳ್ಳುವ ಜಾಗ) ಉಳಿಯಬಾರದು. ಮುಂದೆ ಹೇಳುವ ತೊಂದರೆಗಳಲ್ಲಿ ಜಾಸ್ತಿ ಪಾಲು ಈ ನಿಯಮ ಎಲ್ಲೋ ಒಂದು ಕಡೆ ತಪ್ಪಿದ್ದರಿಂದ ಹುಟ್ಟಿದವೇ.

ಓದಲು ಸಲೀಸಾಗಲಿ ಅಂತ ವಿಳಾಸಗಳನ್ನೂ ಹೆಡರ್ (ಕೋರಿಕೆ, ಉತ್ತರಗಳ ಜೊತೆ ಹೋಗುವ ಮಾಹಿತಿಯ ಸಾಲು) ಹೆಸರುಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ.

## ಕ್ಲಿಕ್ ಮಾಡಿದಾಗ ಒಳಗೆ ನಡೆಯುವುದು

ಸರ್ವರ್ ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತದೆ. ಬಂದವರು ಯಾರು? ಕೇಳಿದ ಪುಟ ಇದೆಯಾ, ಇಲ್ಲಾ ಜಾಗ ಬದಲಾಗಿದೆಯಾ? ಇದನ್ನು ಇವರು ನೋಡಬಹುದಾ? ನೋಡುವ ಹಾಗಿಲ್ಲ ಅಂದರೆ ಇವರನ್ನು ಎಲ್ಲಿಗೆ ಕಳಿಸುವುದು?

ಮೊದಲನೆಯದು ಮತ್ತು ಮೂರನೆಯದು ಬೇರೆ ಬೇರೆ ಪ್ರಶ್ನೆಗಳು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಆ ನಾಲ್ಕನೆಯವರ ಬ್ರೌಸರ್ ಸುತ್ತುತ್ತಾ ಇದ್ದದ್ದು ಇವೆರಡನ್ನು ಒಂದೇ ಅಂತ ಎಣಿಸಿದ ಕೋಡ್‌ನಿಂದ. ಅವರು ಲಾಗಿನ್ ಆಗಿದ್ದಾರೆ, ಆದರೆ ಆ ಪುಟಕ್ಕೆ ಅನುಮತಿ ಇಲ್ಲ. ಡಾಕ್ಸ್ ಸರ್ವರ್ "ಅನುಮತಿ ಇಲ್ಲ, ಲಾಗಿನ್‌ಗೆ ಹೋಗಿ" ಅನ್ನುತ್ತದೆ. ಲಾಗಿನ್ ಸರ್ವರ್ "ಇವರು ಆಗಲೇ ಲಾಗಿನ್ ಆಗಿದ್ದಾರಲ್ಲ, ವಾಪಸ್ ಹೋಗಿ" ಅನ್ನುತ್ತದೆ. ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿ. ಕ್ರೋಮ್, ಫೈರ್‌ಫಾಕ್ಸ್‌ನಂಥ ಬ್ರೌಸರ್‌ಗಳು ಸುಮಾರು 20 ಸಲ ಹೀಗೆ ಓಡಾಡಿ ಆಮೇಲೆ ನಿಲ್ಲಿಸುತ್ತವೆ.

ಹಾಗಾಗಿ ಕೋಡ್‌ನಲ್ಲಿ ಒಂದು ಸಾಲು ಕಡ್ಡಾಯ: ಸೆಷನ್ (ಲಾಗಿನ್ ಆಗಿದ್ದಾರೆ ಅನ್ನುವುದಕ್ಕೆ ಸರ್ವರ್ ಇಟ್ಟುಕೊಳ್ಳುವ ಗುರುತು) ಇಲ್ಲದವರನ್ನು ಮಾತ್ರ ಲಾಗಿನ್‌ಗೆ ಕಳಿಸಬೇಕು. ಸೆಷನ್ ಇದ್ದು ಅನುಮತಿ ಇಲ್ಲದವರನ್ನು ಯಾವತ್ತೂ ಲಾಗಿನ್‌ಗೆ ಕಳಿಸಬಾರದು, ಅವರಿಗೆ ಬೇರೆಯದೇ ಪುಟ ಬೇಕು.

## ಹೆಜ್ಜೆ 1: ಪುಟಕ್ಕೆ ಬದಲಾಗದ ಐಡಿ ಕೊಡಿ

ಪುಟದ ವಿಳಾಸದಲ್ಲಿ ಓದುಗರ ಗುಂಪಿನ ಹೆಸರು ಸೇರಿಸುವ ಅಭ್ಯಾಸ ತುಂಬಾ ಕಡೆ ಇದೆ. "/ಒಳಗಿನವರು/ಬ್ಯಾಕಪ್", "/ಗ್ರಾಹಕರು/ಬ್ಯಾಕಪ್", "/ಪಾಲುದಾರರು/ಬ್ಯಾಕಪ್" ಅಂತ. ನೋಡಲು ಅಚ್ಚುಕಟ್ಟು. ಆದರೆ ನಾಳೆ ಒಳಗಿನವರ ಪುಟವನ್ನು ಗ್ರಾಹಕರಿಗೂ ಬಿಡೋಣ ಅಂತ ಯಾರೋ ತೀರ್ಮಾನಿಸಿದರೆ ವಿಳಾಸವೇ ಬದಲಾಗಬೇಕು, ಹಳೆ ಲಿಂಕ್‌ಗಳೆಲ್ಲ ಮುರಿಯುತ್ತವೆ. ಅನುಮತಿಯ ತೀರ್ಮಾನ ಲಿಂಕ್ ಒಳಗೆ ಸೇರಿಕೊಂಡಿದೆ, ಅಲ್ವಾ?

ಬದಲಿಗೆ ಪ್ರತಿ ವಿಷಯಕ್ಕೂ ಒಂದು ಸಂಖ್ಯೆ ಕೊಡಿ. "/ಡಾಕ್ಸ್/4821/ಬ್ಯಾಕಪ್" ಅನ್ನುವ ವಿಳಾಸದಲ್ಲಿ ಸರ್ವರ್ ನೋಡಬೇಕಾದದ್ದು 4821 ಮಾತ್ರ. ಕೊನೆಯ "ಬ್ಯಾಕಪ್" ಓದುವವರ ಅನುಕೂಲಕ್ಕೆ. ಶೀರ್ಷಿಕೆ ಬದಲಾದರೆ ಬಾಲ ಬದಲಾಗಲಿ, ಸಂಖ್ಯೆ ಹಾಗೇ ಇರಲಿ.

ಇನ್ನೂ ಬಿಡುಗಡೆ ಆಗದ ವಿಷಯಗಳ ಪುಟಕ್ಕೆ ಆ ಬಾಲವೂ ಬೇಡ. ಪುಟ ತೆರೆಯದಿದ್ದರೂ ವಿಳಾಸ ತೆರೆದೇ ಇರುತ್ತದೆ. ಅದು ಚಾಟ್‌ನಲ್ಲಿ, ಬ್ರೌಸರ್ ಹಿಸ್ಟರಿಯಲ್ಲಿ, ಸರ್ವರ್ ಲಾಗ್‌ನಲ್ಲಿ ಎಲ್ಲ ಕಡೆ ಕಾಣುತ್ತದೆ. ಗುಟ್ಟಾಗಿ ಇಡಬೇಕಾದ ಉತ್ಪನ್ನದ ಹೆಸರನ್ನು ವಿಳಾಸದಲ್ಲೇ ಬರೆದು, ಒಳಗಿನ ಪುಟಕ್ಕೆ ಬೀಗ ಹಾಕಿದರೆ ಏನು ಬಂತು?

## ಹೆಜ್ಜೆ 2: ಯಾರಿಗೆ ಏನು ಅನ್ನುವುದನ್ನು ಕೋಡ್ ಬರೆಯುವ ಮುಂಚೆ ಬರೆದಿಡಿ

ಒಂದು ಪುಟಕ್ಕೆ ನಾಲ್ಕು ಥರದ ಜನ ಬರಬಹುದು: ಲಾಗಿನ್ ಆಗದವರು, ಲಾಗಿನ್ ಆಗಿದ್ದೂ ಅನುಮತಿ ಇಲ್ಲದವರು, ಒಂದು ಭಾಗ ಮಾತ್ರ ನೋಡಬಹುದಾದವರು, ಪೂರ್ತಿ ನೋಡಬಹುದಾದವರು. ಒಂದೊಂದಕ್ಕೂ ಉತ್ತರ ಬರೆದು ತಂಡದವರ ಒಪ್ಪಿಗೆ ಪಡೆಯಿರಿ. ಸುಮ್ನೆ ಮೇಲ್ನೋಟಕ್ಕೆ ಸುಲಭ ಅನ್ನಿಸುತ್ತದೆ, ಕೂತು ಮಾತಾಡಿದಾಗ ಜಗಳ ಶುರುವಾಗುತ್ತದೆ.

ಜಗಳ ಶುರುವಾಗುವ ಜಾಗ ಒಂದನ್ನು ಹೇಳುತ್ತೇನೆ. 4821ಕ್ಕೆ ಎರಡು ರೂಪ ಇವೆ: ಎಲ್ಲರಿಗೂ ತೆರೆದಿರುವ ಸಾರ್ವಜನಿಕ ಪುಟ, ಜೊತೆಗೆ ಸಿಬ್ಬಂದಿಗೆ ಮಾತ್ರ ಇರುವ ಉದ್ದನೆಯ ಪುಟ. ಸಿಬ್ಬಂದಿಯೊಬ್ಬರು ಸಾರ್ವಜನಿಕ ಲಿಂಕ್ ಒತ್ತಿದರೆ ಅವರನ್ನು ತಾನಾಗಿಯೇ ಉದ್ದನೆಯ ಪುಟಕ್ಕೆ ಕಳಿಸಬೇಕಾ? "ಹೌದು, ಅವರಿಗೆ ಜಾಸ್ತಿ ಮಾಹಿತಿ ಸಿಗುತ್ತದೆ" ಅಂತ ತಕ್ಷಣ ಅನ್ನಿಸುತ್ತದೆ. ನಾನು ಬೇಡ ಅನ್ನುತ್ತೇನೆ. ಯಾಕೆ ಅಂದರೆ ಮುಂದಿನ ನಿಮಿಷ ಅವರು ಅಡ್ರೆಸ್ ಬಾರ್‌ನಿಂದ ವಿಳಾಸ ಕಾಪಿ ಮಾಡಿ ಗ್ರಾಹಕರಿಗೆ ಕಳಿಸುತ್ತಾರೆ, ಅಲ್ಲಿ ಇರುವುದು ಒಳಗಿನ ವಿಳಾಸ, ಗ್ರಾಹಕರಿಗೆ ಬಾಗಿಲು ತೆರೆಯುವುದಿಲ್ಲ, "ನನಗೆ ಸರಿಯಾಗಿ ಕಾಣ್ತಿದೆಯಲ್ಲ" ಅಂತ ಸಿಬ್ಬಂದಿ ವಾದ ಮಾಡುತ್ತಾರೆ. ಕೇಳಿದ್ದನ್ನೇ ತೋರಿಸಿ, ಮೇಲೆ ಒಂದು ಪಟ್ಟಿಯಲ್ಲಿ "ಸಿಬ್ಬಂದಿಯ ಪುಟ ಇಲ್ಲಿದೆ" ಅಂತ ಲಿಂಕ್ ಕೊಡಿ, ಸಾಕು.

ಇದರ ಉಲ್ಟಾ ದಿಕ್ಕು ಮಾತ್ರ ಉಪಯುಕ್ತ. ಗ್ರಾಹಕರು ಒಳಗಿನ ಲಿಂಕ್ ಒತ್ತಿದರೆ, ಅದೇ ವಿಷಯದ ಸಾರ್ವಜನಿಕ ಪುಟ ಇದ್ದರೆ, ಅಲ್ಲಿಗೆ ಕಳಿಸಿ. ಬರೀ "ಅನುಮತಿ ಇಲ್ಲ" ಅನ್ನುವುದಕ್ಕಿಂತ ಎಷ್ಟೋ ಪಾಲು ವಾಸಿ. ಆದರೆ ಸದ್ದಿಲ್ಲದೆ ಕಳಿಸಬೇಡಿ. "ನೀವು ನೋಡುತ್ತಿರುವುದು ಸಾರ್ವಜನಿಕ ಆವೃತ್ತಿ" ಅಂತ ಒಂದು ಸಾಲು ಇರಲಿ, ಇಲ್ಲದಿದ್ದರೆ ಫೋನ್‌ನಲ್ಲಿ ಮಾತಾಡುವಾಗ "ಏಳನೇ ಹೆಜ್ಜೆ ನೋಡಿ" ಅಂದರೆ "ಇಲ್ಲಿ ಇರುವುದೇ ಐದು" ಅನ್ನುತ್ತಾರೆ.

ಪೋರ್ಟಲ್‌ನಲ್ಲಿ "ಲಿಂಕ್ ಕಾಪಿ ಮಾಡಿ" ಬಟನ್ ಇಡಿ, ಅದು ಯಾವಾಗಲೂ ಸಂಖ್ಯೆಯ ತಟಸ್ಥ ವಿಳಾಸವನ್ನೇ ಕೊಡಲಿ.

## ಹೆಜ್ಜೆ 3: ಸರಿಯಾದ ಸ್ಟೇಟಸ್ ಕೋಡ್ ಆರಿಸಿ

ಇಲ್ಲಿ ಆಗುವ ತಪ್ಪುಗಳು ತಿಂಗಳುಗಟ್ಟಲೆ ಕಾಡುತ್ತವೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಸ್ಟೇಟಸ್ ಕೋಡ್ ಅಂದರೆ ಸರ್ವರ್ ಪ್ರತಿ ಉತ್ತರದ ಜೊತೆ ಕಳಿಸುವ ಮೂರಂಕಿಯ ಸಂಖ್ಯೆ. ರಿಡೈರೆಕ್ಟ್ ಕೋಡ್‌ಗಳಲ್ಲಿ 301 ಮತ್ತು 308 ಶಾಶ್ವತ, 302, 303 ಮತ್ತು 307 ತಾತ್ಕಾಲಿಕ. ಶಾಶ್ವತ ಅಂದರೆ ಬ್ರೌಸರ್ ಅದನ್ನು ನಿಜವಾಗಿಯೂ ನಂಬುತ್ತದೆ. ನೀವು ಬೇರೆ ಏನೂ ಹೇಳದಿದ್ದರೂ 301 ಉತ್ತರವನ್ನು ಕ್ಯಾಶ್ ಮಾಡಲು ಎಚ್‌ಟಿಟಿಪಿ (ಬ್ರೌಸರ್ ಮತ್ತು ಸರ್ವರ್ ನಡುವಿನ ಮಾತುಕತೆಯ) ನಿಯಮಗಳು ಅವಕಾಶ ಕೊಡುತ್ತವೆ. ಈಗ ಹೀಗೆ ಯೋಚಿಸಿ: ಲಾಗಿನ್ ಆಗದ ಒಬ್ಬರು 4821 ಕೇಳಿದರು, ಸರ್ವರ್ 301 ಕೊಟ್ಟು ಲಾಗಿನ್ ಪುಟಕ್ಕೆ ಕಳಿಸಿತು. ಲಾಗಿನ್ ಆದರು, 4821ಕ್ಕೆ ವಾಪಸ್ ಬಂದರು. ಬ್ರೌಸರ್ ಸರ್ವರನ್ನು ಕೇಳುವ ಗೋಜಿಗೇ ಹೋಗದೆ ನೆನಪಿನಿಂದ ಮತ್ತೆ ಲಾಗಿನ್‌ಗೆ ಕಳಿಸುತ್ತದೆ. ಸರ್ವರ್ ಲಾಗ್‌ನಲ್ಲಿ ಈ ಎರಡನೇ ಭೇಟಿಯ ಸುಳಿವೇ ಇರುವುದಿಲ್ಲ. ನೀವು ಕೋಡ್ ಸರಿ ಮಾಡಿದ ಮೇಲೂ ಅವರ ಬ್ರೌಸರ್‌ನಲ್ಲಿ ಅದು ಹಾಗೇ ಇರುತ್ತದೆ.

ಹಾಗಾಗಿ ಅನುಮತಿ ನೋಡಿ ಮಾಡುವ ಯಾವ ರಿಡೈರೆಕ್ಟ್ ಕೂಡ ಶಾಶ್ವತ ಆಗಿರಬಾರದು. ಲಾಗಿನ್‌ಗೆ ಕಳಿಸಲು 302. ಲಾಗಿನ್ ಫಾರ್ಮ್ ಪೋಸ್ಟ್ ಆದ (ತುಂಬಿದ್ದನ್ನು ಸರ್ವರ್‌ಗೆ ಕಳಿಸಿದ) ಮೇಲೆ ಮೂಲ ಪುಟಕ್ಕೆ ಕಳಿಸಲು 303, ಯಾಕೆಂದರೆ ಅದು "ಈಗ ಗೆಟ್ ಮಾಡಿ" (ಪುಟವನ್ನು ಬರೀ ಕೇಳಿ) ಅಂತ ಸ್ಪಷ್ಟವಾಗಿ ಹೇಳುತ್ತದೆ. 307 ಬಂದ ವಿಧಾನವನ್ನೇ ಉಳಿಸಿಕೊಳ್ಳುತ್ತದೆ, ಅಂದರೆ ಪಾಸ್‌ವರ್ಡ್ ಇರುವ ಫಾರ್ಮನ್ನು ಮತ್ತೆ ಮುಂದಿನ ವಿಳಾಸಕ್ಕೆ ಪೋಸ್ಟ್ ಮಾಡುತ್ತದೆ. ಇಲ್ಲಿ ಅದು ಬೇಡವೇ ಬೇಡ. 301 ಮತ್ತು 308ನ್ನು ಪುಟದ ಜಾಗ ನಿಜವಾಗಿಯೂ, ಎಲ್ಲರಿಗೂ, ಒಂದೇ ಥರ ಬದಲಾದಾಗ ಮಾತ್ರ ಬಳಸಿ. "/ಇತ್ತೀಚಿನ" ಅನ್ನುವ ವಿಳಾಸದಿಂದ ಹೊಸ ಆವೃತ್ತಿಗೆ ಕಳಿಸುವುದಕ್ಕೂ 302 ಸರಿ, ಇವತ್ತಿನ ಇತ್ತೀಚಿನದು ನಾಳೆ ಹಳೆಯದು.

ಇನ್ನು ನಿರಾಕರಣೆ. 401 ಅಂದರೆ "ನೀವು ಯಾರು ಗೊತ್ತಾಗಲಿಲ್ಲ", 403 ಅಂದರೆ "ಗೊತ್ತಾಯಿತು, ಆದರೆ ಆಗುವುದಿಲ್ಲ". 401 ಕೊಟ್ಟರೆ ಜೊತೆಗೆ ಹೇಗೆ ಗುರುತು ತೋರಿಸಬೇಕು ಅನ್ನುವ ಹೆಡರ್ ಕೂಡ ಕೊಡಬೇಕು ಅನ್ನುತ್ತದೆ ನಿಯಮ, ಅದರಲ್ಲಿ ಬೇಸಿಕ್ ಅಂತ ಇದ್ದರೆ ಬ್ರೌಸರ್ ತನ್ನದೇ ಹಳೆ ಕಾಲದ ಪಾಸ್‌ವರ್ಡ್ ಪೆಟ್ಟಿಗೆ ತೆರೆದುಬಿಡುತ್ತದೆ. ಅದಕ್ಕೇ ಮನುಷ್ಯರು ತೆರೆಯುವ ಪುಟಗಳಿಗೆ 302, ಸ್ಕ್ರಿಪ್ಟ್‌ಗಳು ಕೇಳುವ ಡೇಟಾಗೆ 401 ಅಂತ ವಿಂಗಡಿಸುವುದು ಒಳ್ಳೆಯದು.

ಈ ವಿಂಗಡಣೆ ಯಾಕೆ ಮುಖ್ಯ ಅಂದರೆ, ಪೋರ್ಟಲ್‌ನ ಸರ್ಚ್ ಪೆಟ್ಟಿಗೆ ಹಿಂದೆ ಸದ್ದಿಲ್ಲದೆ ಡೇಟಾ ಕೇಳುತ್ತಿರುತ್ತದೆ. ಸೆಷನ್ ಮುಗಿದಾಗ ಅದಕ್ಕೂ 302 ಕೊಟ್ಟರೆ, ಸ್ಕ್ರಿಪ್ಟ್ ಲಾಗಿನ್ ಪುಟದ ಎಚ್‌ಟಿಎಂಎಲ್ ತಂದು ಅದನ್ನು ಜೇಸನ್ (ಡೇಟಾ ಬರೆಯುವ ಒಂದು ರೂಪ) ಅಂತ ಓದಲು ಹೋಗಿ ಬೀಳುತ್ತದೆ. ಲಾಗಿನ್ ಬೇರೆ ಡೊಮೈನ್‌ನಲ್ಲಿದ್ದರೆ ಕಾರ್ಸ್ (ಬೇರೆ ಡೊಮೈನ್‌ನ ಉತ್ತರವನ್ನು ಸ್ಕ್ರಿಪ್ಟ್ ಓದಬಹುದಾ ಅನ್ನುವ ಬ್ರೌಸರ್ ನಿಯಮ) ತಪ್ಪು ಬರುತ್ತದೆ. ಓದುಗರಿಗೆ ಕಾಣುವುದು ತಿರುಗುತ್ತಲೇ ಇರುವ ಚಕ್ರ ಮಾತ್ರ. ಈಗಿನ ಬ್ರೌಸರ್‌ಗಳು "ಸೆಕ್-ಫೆಚ್-ಮೋಡ್" ಅನ್ನುವ ಹೆಡರ್ ಕಳಿಸುತ್ತವೆ. ಅದರ ಬೆಲೆ "ನ್ಯಾವಿಗೇಟ್" ಆಗಿದ್ದರೆ ಪುಟ ತೆರೆಯುತ್ತಿದ್ದಾರೆ ಅಂತ ಅರ್ಥ, ಆಗ ರಿಡೈರೆಕ್ಟ್ ಮಾಡಿ. ಇಲ್ಲದಿದ್ದರೆ 401 ಕೊಟ್ಟು, "ಸೆಷನ್ ಮುಗಿದಿದೆ, ಮತ್ತೆ ಲಾಗಿನ್ ಆಗಿ" ಅಂತ ಪುಟವೇ ತೋರಿಸಲಿ.

## ಹೆಜ್ಜೆ 4: ಲಾಗಿನ್ ಆದ ಮೇಲೆ ಹೊರಟ ಜಾಗಕ್ಕೇ ವಾಪಸ್ ಕರೆತನ್ನಿ

ಮುಖಪುಟದಲ್ಲಿ ಬಂದು ನಿಂತ ಆ ಎರಡನೆಯವರ ಕಥೆ ಇದು. ಇದರಷ್ಟು ಕಿರಿಕಿರಿ ಮಾಡುವ, ಇದರಷ್ಟು ಸಾಮಾನ್ಯವಾದ ತೊಂದರೆ ಇನ್ನೊಂದಿಲ್ಲ.

ಸರಳ ರೂಪ ಹೀಗಿರುತ್ತದೆ. ಬ್ರೌಸರ್ ಕೇಳುವುದು:

ಗೆಟ್ /ಡಾಕ್ಸ್/4821/ಬ್ಯಾಕಪ್

ಸರ್ವರ್ ಕೊಡುವುದು:

302
ಲೊಕೇಶನ್: /ಲಾಗಿನ್?ಮರಳಿ=/ಡಾಕ್ಸ್/4821/ಬ್ಯಾಕಪ್
ಕ್ಯಾಶ್-ಕಂಟ್ರೋಲ್: ನೋ-ಸ್ಟೋರ್

ನೋ-ಸ್ಟೋರ್ ಅಂದರೆ ಈ ಉತ್ತರವನ್ನು ಎಲ್ಲೂ ಕ್ಯಾಶ್ ಮಾಡಬೇಡಿ ಅಂತ. ಲಾಗಿನ್ ಮುಗಿದ ಮೇಲೆ "ಮರಳಿ" ನೋಡಿ ಅಲ್ಲಿಗೆ ಕಳಿಸಬೇಕು. ಇಷ್ಟೇ ಆಗಿದ್ದರೆ ಈ ಹೆಜ್ಜೆ ಇಲ್ಲಿಗೇ ಮುಗಿಯುತ್ತಿತ್ತು.

ಮೊದಲ ತೊಂದರೆ, ಮೋಸದ ವಿಳಾಸ. "ಮರಳಿ" ಜಾಗದಲ್ಲಿ ಯಾರಾದರೂ ತಮ್ಮ ಸೈಟ್‌ನ ವಿಳಾಸ ಹಾಕಿ ಲಿಂಕ್ ಹಂಚಬಹುದು. ಓದುಗರು ನಿಮ್ಮ ಡೊಮೈನ್ ನೋಡಿ ನಂಬಿ ಲಾಗಿನ್ ಆಗುತ್ತಾರೆ, ಆಮೇಲೆ ನಿಮ್ಮದೇ ಥರ ಕಾಣುವ ನಕಲಿ ಪುಟಕ್ಕೆ ಬಂದಿರುತ್ತಾರೆ. ಇದಕ್ಕೆ ಓಪನ್ ರಿಡೈರೆಕ್ಟ್ ಅಂತ ಹೆಸರು, ಸಾಫ್ಟ್‌ವೇರ್ ದೌರ್ಬಲ್ಯಗಳ ಸಿಡಬ್ಲ್ಯೂಇ ಪಟ್ಟಿಯಲ್ಲಿ ಇದು ಸಿಡಬ್ಲ್ಯೂಇ-601. "ಓರೆಗೆರೆಯಿಂದ ಶುರುವಾದರೆ ನಮ್ಮದೇ ವಿಳಾಸ" ಅನ್ನುವ ಪರೀಕ್ಷೆ ಸಾಲದು. ಎರಡು ಓರೆಗೆರೆಯಿಂದ ಶುರುವಾದರೆ ಅದು ಬೇರೆ ಡೊಮೈನ್. ಒಂದು ಓರೆಗೆರೆ, ಅದರ ಪಕ್ಕ ಒಂದು ಹಿಂದೋರೆಗೆರೆ ಇದ್ದರೂ ಬ್ರೌಸರ್ ಅದನ್ನು ಎರಡು ಓರೆಗೆರೆ ಅಂತಲೇ ಓದುತ್ತದೆ. ನಡುವೆ ಟ್ಯಾಬ್ ಅಕ್ಷರ ಸೇರಿಸಿದರೆ ಅದನ್ನು ತೆಗೆದುಹಾಕಿ ಓದುತ್ತದೆ. ಅಕ್ಷರ ಅಕ್ಷರ ಹೋಲಿಸುವ ಕೋಡ್ ಬರೆಯಬೇಡಿ. ಪ್ರಮಾಣಿತ ಯುಆರ್‌ಎಲ್ ಲೈಬ್ರರಿಗೆ ನಿಮ್ಮ ಡೊಮೈನನ್ನು ಆಧಾರವಾಗಿ ಕೊಟ್ಟು ಪೂರ್ತಿ ವಿಳಾಸ ಮಾಡಿಸಿ, ಬಂದ ಫಲಿತಾಂಶದ ಮೂಲ (ಒರಿಜಿನ್, ಅಂದರೆ ಪ್ರೋಟೊಕಾಲ್, ಡೊಮೈನ್, ಪೋರ್ಟ್) ನಿಮ್ಮದೇನಾ ಅಂತ ನೋಡಿ. ಅಲ್ಲದಿದ್ದರೆ ಮುಖಪುಟಕ್ಕೆ ಕಳಿಸಿ.

ಇನ್ನೂ ಗಟ್ಟಿ ದಾರಿ ಒಂದಿದೆ: ವಿಳಾಸವನ್ನು ಲಿಂಕ್‌ನಲ್ಲಿ ಒಯ್ಯಲೇಬೇಡಿ. ಸರ್ವರ್‌ನಲ್ಲಿ ಉಳಿಸಿ, ಅದಕ್ಕೊಂದು ಊಹಿಸಲಾಗದ ಕೀ ಕೊಟ್ಟು, ಆ ಕೀಯನ್ನು ಮಾತ್ರ ಕಳಿಸಿ.

ಎರಡನೆಯದು, ಎಸ್‌ಎಸ್‌ಒ (ಒಂದೇ ಲಾಗಿನ್‌ನಿಂದ ಹಲವು ಸೈಟ್‌ಗಳಿಗೆ ಹೋಗುವ ವ್ಯವಸ್ಥೆ) ನಡುವೆ ವಿಳಾಸ ಕಳೆದುಹೋಗುವುದು. ನಿಮ್ಮ ಲಾಗಿನ್ ಬೇರೆ ಸೇವೆಯಲ್ಲಿದ್ದರೆ ವಿಳಾಸ ಅಲ್ಲಿಗೆ ಹೋಗಿ ವಾಪಸ್ ಬರಬೇಕು. ಇಂಥ ಲಾಗಿನ್‌ಗೆ ಓಪನ್‌ಐಡಿ ಕನೆಕ್ಟ್, ಸ್ಯಾಮಲ್ ಅನ್ನುವ ಪ್ರಮಾಣಿತ ಪದ್ಧತಿಗಳಿವೆ. ಓಪನ್‌ಐಡಿ ಕನೆಕ್ಟ್‌ನಲ್ಲಿ ಇದಕ್ಕೆ "ಸ್ಟೇಟ್" ಇದೆ. ರಿಡೈರೆಕ್ಟ್ ಯುಆರ್‌ಐ (ಲಾಗಿನ್ ಸೇವೆ ವಾಪಸ್ ಕಳಿಸುವ ವಿಳಾಸ) ಮೊದಲೇ ನೋಂದಾಯಿಸಿದ್ದಕ್ಕೆ ಸರಿಯಾಗಿ ಹೊಂದಬೇಕು, ಹಾಗಾಗಿ ಪ್ರತಿ ಪುಟದ ವಿಳಾಸವನ್ನು ಅಲ್ಲಿ ತುರುಕಲು ಹೋಗಬೇಡಿ. ಸ್ಯಾಮಲ್‌ನಲ್ಲಿ "ರಿಲೇಸ್ಟೇಟ್" ಇದೆ. ಆದರೆ 2005ರ ಸ್ಯಾಮಲ್ 2.0 ನಿಯಮದ ಪ್ರಕಾರ ಅದು 80 ಬೈಟ್ ಮೀರಬಾರದು. ತುಂಬಾ ಸರ್ವರ್‌ಗಳು ಇದನ್ನು ಲೆಕ್ಕಕ್ಕೆ ಇಡುವುದಿಲ್ಲ, ಯಾವುದೋ ಒಂದು ಇಡುತ್ತದೆ, ಆಗ ಚಿಕ್ಕ ವಿಳಾಸದ ಪುಟಗಳು ಸರಿಯಾಗಿ ವಾಪಸ್ ಬರುತ್ತವೆ, ಉದ್ದ ವಿಳಾಸದವು ಮುಖಪುಟಕ್ಕೆ ಬೀಳುತ್ತವೆ.

ವಿಳಾಸದಲ್ಲಿ ಕನ್ನಡ ಇದ್ದರೆ ಈ ಮಿತಿ ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತದೆ. ಒಂದು ಕನ್ನಡ ಅಕ್ಷರ ಯುಟಿಎಫ್-8ನಲ್ಲಿ 3 ಬೈಟ್, ವಿಳಾಸಕ್ಕೆ ಸೇರುವಾಗ ಶೇಕಡಾ ಚಿಹ್ನೆಗಳ ಜೊತೆ 9 ಅಕ್ಷರ. ಗುಣಿತದ ಚಿಹ್ನೆಗಳು, ವಿರಾಮ (ಅರ್ಧಾಕ್ಷರದ ಚಿಹ್ನೆ), ಎಲ್ಲ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ. ಒಂಬತ್ತನೆಯ ಕನ್ನಡ ಅಕ್ಷರಕ್ಕೇ 81 ಬೈಟ್, ಮಿತಿ ದಾಟಿತು. ಆ ವಿಳಾಸವನ್ನು ಇನ್ನೊಂದು ವಿಳಾಸದ ಒಳಗೆ ಹಾಕಿದಾಗ ಪ್ರತಿ ಶೇಕಡಾ ಚಿಹ್ನೆಯೂ ಮತ್ತೆ ಎನ್‌ಕೋಡ್ ಆಗಿ 9 ಹೋಗಿ 15 ಆಗುತ್ತದೆ. ವಾಪಸ್ ಬಂದಾಗ ಎಷ್ಟು ಸಲ ಎನ್‌ಕೋಡ್ ಮಾಡಿದಿರೋ ಅಷ್ಟೇ ಸಲ ಬಿಚ್ಚಬೇಕು. ಒಂದು ಸಲ ಕಡಿಮೆ ಆದರೆ 404. ಇಲ್ಲೂ ಚಿಕ್ಕ ಕೀ ಕಳಿಸುವ ದಾರಿಯೇ ನೆಮ್ಮದಿ.

ಮೂರನೆಯದು, ಹ್ಯಾಶ್ (#) ನಂತರದ ಭಾಗ. ಡಾಕ್ಸ್ ಲಿಂಕ್‌ಗಳಲ್ಲಿ "#ಮರುಸ್ಥಾಪನೆ" ಥರ ಕೊನೆಯಲ್ಲಿ ಪುಟದ ನಡುವಿನ ಜಾಗ ಇರುತ್ತದೆ. ಇದನ್ನು ಬ್ರೌಸರ್ ಸರ್ವರ್‌ಗೆ ಕಳಿಸುವುದೇ ಇಲ್ಲ. ಸಾದಾ ರಿಡೈರೆಕ್ಟ್‌ನಲ್ಲಿ ಲೊಕೇಶನ್‌ಗೆ ತನ್ನದೇ ಹ್ಯಾಶ್ ಇಲ್ಲದಿದ್ದರೆ ಬ್ರೌಸರ್ ಹಳೆಯದನ್ನು ಅಂಟಿಸಿಕೊಂಡು ಹೋಗುತ್ತದೆ, ಹಾಗಾಗಿ ಹಳೆ ವಿಳಾಸದಿಂದ ಹೊಸ ವಿಳಾಸಕ್ಕೆ ಕಳಿಸುವಾಗ ತೊಂದರೆ ಕಾಣುವುದಿಲ್ಲ. ಲಾಗಿನ್ ಫಾರ್ಮ್ ನಡುವೆ ಬಂದ ತಕ್ಷಣ ಸರಪಳಿ ತುಂಡಾಗುತ್ತದೆ. ನಲವತ್ತು ಶೀರ್ಷಿಕೆ ಇರುವ ಪುಟದ ತಲೆಯಲ್ಲಿ ಓದುಗರು ಬಂದು ನಿಲ್ಲುತ್ತಾರೆ.

ಇದಕ್ಕೆ ಪರಿಹಾರ ಬ್ರೌಸರ್ ಕಡೆಯಲ್ಲೇ ಆಗಬೇಕು. ಲಾಗಿನ್‌ಗೆ ನೇರ ಕಳಿಸುವ ಬದಲು ನಿಮ್ಮದೇ ಡೊಮೈನ್‌ನ ಒಂದು ಚಿಕ್ಕ ನಡುಪುಟಕ್ಕೆ ಕಳಿಸಿ. ಹ್ಯಾಶ್ ಅಲ್ಲಿಯವರೆಗೆ ಅಂಟಿಕೊಂಡೇ ಬಂದಿರುತ್ತದೆ. ಅಲ್ಲಿನ ಸ್ಕ್ರಿಪ್ಟ್ ಅದನ್ನು ಸೆಷನ್ ಸ್ಟೋರೇಜ್‌ನಲ್ಲಿ ಬರೆದಿಟ್ಟು ಲಾಗಿನ್‌ಗೆ ಕಳಿಸಲಿ, ವಾಪಸ್ ಬಂದಾಗ ಪುಟ ಅದನ್ನು ಓದಿ ಆ ಜಾಗಕ್ಕೆ ಇಳಿಯಲಿ. ಸೆಷನ್ ಸ್ಟೋರೇಜ್ ಆಯಾ ಟ್ಯಾಬ್‌ಗೆ, ಆಯಾ ಮೂಲಕ್ಕೆ ಸೀಮಿತ. ಲಾಗಿನ್ ಬೇರೆ ಟ್ಯಾಬ್‌ನಲ್ಲಿ ತೆರೆದರೆ ಸಿಗುವುದಿಲ್ಲ. ಅಷ್ಟು ಸಹಿಸಿಕೊಳ್ಳಬಹುದು.

ಕೊನೆಯದು ಕುಕಿ, ಅಂದರೆ ಬ್ರೌಸರ್ ಇಟ್ಟುಕೊಂಡು ಸರ್ವರ್‌ಗೆ ವಾಪಸ್ ಕಳಿಸುವ ಚಿಕ್ಕ ಗುರುತು. ಸೆಷನ್ ಕುಕಿಗೆ "ಸೇಮ್‌ಸೈಟ್" ಬೆಲೆ "ಸ್ಟ್ರಿಕ್ಟ್" ಅಂತ ಇಟ್ಟಿದ್ದರೆ, ವೆಬ್‌ಮೇಲ್‌ನಿಂದ ಲಿಂಕ್ ಒತ್ತಿ ಬಂದಾಗ ಬ್ರೌಸರ್ ಆ ಕುಕಿಯನ್ನು ಕಳಿಸುವುದಿಲ್ಲ. ಲಾಗಿನ್ ಆಗಿದ್ದೂ ಆಗದವರ ಥರ ಕಾಣುತ್ತಾರೆ. ಅದೇ ವಿಳಾಸವನ್ನು ಅಡ್ರೆಸ್ ಬಾರ್‌ನಲ್ಲಿ ಪೇಸ್ಟ್ ಮಾಡಿದರೆ ತೆರೆಯುತ್ತದೆ. ಈ ವಿಚಿತ್ರ ಕೇಳಿದ ತಕ್ಷಣ ಕುಕಿಯನ್ನೇ ಮೊದಲು ಅನುಮಾನಿಸಿ. ಡಾಕ್ಸ್‌ಗೆ "ಲ್ಯಾಕ್ಸ್" ಸಾಕು, ಬೇರೆ ಸೈಟ್‌ನಿಂದ ಲಿಂಕ್ ಒತ್ತಿ ಬಂದಾಗಲೂ ಆ ಕುಕಿ ಬರುತ್ತದೆ. ಆದರೆ ಸ್ಯಾಮಲ್ ಉತ್ತರ ಸಾಮಾನ್ಯವಾಗಿ ಬೇರೆ ಸೈಟ್‌ನಿಂದ ಪೋಸ್ಟ್ ಆಗಿ ಬರುತ್ತದೆ, ಅಂಥ ಪೋಸ್ಟ್ ಜೊತೆ ಲ್ಯಾಕ್ಸ್ ಕುಕಿಯೂ ಬರುವುದಿಲ್ಲ. ಮರಳುವ ವಿಳಾಸದ ಕೀಯನ್ನು ಕುಕಿಯಲ್ಲಿ ಇಟ್ಟಿದ್ದರೆ ಆ ಒಂದು ಚಿಕ್ಕ ಕುಕಿಗೆ ಮಾತ್ರ ಸೇಮ್‌ಸೈಟ್ ಬೆಲೆ "ನನ್" (ನಿರ್ಬಂಧ ಇಲ್ಲ) ಮತ್ತು "ಸೆಕ್ಯೂರ್" ಹಾಕಿ, ಆಯುಸ್ಸು ಕೆಲವೇ ನಿಮಿಷ ಇರಲಿ.

## ಹೆಜ್ಜೆ 5: ಇಲ್ಲ ಅನ್ನುವುದನ್ನೂ ಸರಿಯಾಗಿ ಹೇಳಿ

403 ಕೊಡಬೇಕಾ, 404 ಕೊಡಬೇಕಾ? 403 ಕೊಟ್ಟರೆ "ಇಂಥ ಪುಟ ಇದೆ" ಅಂತ ಒಪ್ಪಿಕೊಂಡ ಹಾಗೆ. ಪುಟ ಇರುವುದೇ ಗುಟ್ಟು ಅಂತಾದರೆ 404 ಕೊಡಬಹುದು, ಎಚ್‌ಟಿಟಿಪಿ ನಿಯಮವೇ ಇದಕ್ಕೆ ಅವಕಾಶ ಕೊಟ್ಟಿದೆ. ಗಿಟ್‌ಹಬ್ ಅನುಮತಿ ಇಲ್ಲದವರಿಗೆ ಖಾಸಗಿ ರೆಪೊಸಿಟರಿಯ ಬದಲು 404 ತೋರಿಸುವುದು ಇದೇ ಕಾರಣಕ್ಕೆ. ಇನ್ನೊಂದು ಕಡೆ ಗೂಗಲ್ ಡಾಕ್ಸ್, ಶೇರ್‌ಪಾಯಿಂಟ್‌ನಂಥವು ಅನುಮತಿ ಕೇಳುವ ಪುಟ ತೋರಿಸುತ್ತವೆ.

ನನ್ನ ಅಭಿಪ್ರಾಯ ಕೇಳಿದರೆ, ಸಾಮಾನ್ಯ ಡಾಕ್ಸ್ ಪೋರ್ಟಲ್‌ಗೆ ಎರಡನೆಯದು ಸರಿ. ಬರುವವರು ಹೆಚ್ಚಾಗಿ ಕೆಲಸದ ನಡುವೆ ಸಿಕ್ಕಿಕೊಂಡವರು. ಅವರಿಗೆ 404 ಕೊಟ್ಟರೆ ಲಿಂಕ್ ಕಳಿಸಿದವರನ್ನು ಬೈದುಕೊಳ್ಳುತ್ತಾರೆ, ಅನುಮತಿ ಕೇಳಬೇಕು ಅಂತ ಹೊಳೆಯುವುದೂ ಇಲ್ಲ. 404ನ್ನು ಬಿಡುಗಡೆಯಾಗದ ವಿಷಯಗಳಿಗೆ ಮಾತ್ರ ಮೀಸಲಿಡಿ. 404 ಆರಿಸಿದರೆ ನಿಜವಾಗಿಯೂ ಇಲ್ಲದ ಪುಟದ 404ಗೂ ಇದಕ್ಕೂ ಒಂದಿಷ್ಟೂ ವ್ಯತ್ಯಾಸ ಇರಬಾರದು. ಲಾಗಿನ್ ಆಗದವರಿಗೂ ಅಷ್ಟೇ: ಇರುವ ಪುಟಕ್ಕೆ ಲಾಗಿನ್, ಇಲ್ಲದ ಪುಟಕ್ಕೆ 404 ಅಂತ ಮಾಡಿದರೆ ಸಂಖ್ಯೆಗಳನ್ನು ಒಂದೊಂದಾಗಿ ಹಾಕಿ ನೋಡಿ ಯಾವುದು ಇದೆ ಅಂತ ಯಾರು ಬೇಕಾದರೂ ಕಂಡುಹಿಡಿಯಬಹುದು. ಸಂರಕ್ಷಿತ ಭಾಗದಲ್ಲಿ ಎಲ್ಲ ಸಂಖ್ಯೆಗೂ ಮೊದಲು ಲಾಗಿನ್ ಕೇಳಿ, ಇದೆಯೋ ಇಲ್ಲವೋ ಆಮೇಲೆ ಹೇಳಿ.

ಅನುಮತಿ ಇಲ್ಲ ಅನ್ನುವ ಪುಟದಲ್ಲಿ ಏನಿರಬೇಕು? ಮೊದಲು, "ನೀವು ಈ ಖಾತೆಯಿಂದ ಲಾಗಿನ್ ಆಗಿದ್ದೀರಿ" ಅಂತ ಇಮೇಲ್ ತೋರಿಸಿ, ಪಕ್ಕದಲ್ಲೇ ಖಾತೆ ಬದಲಿಸುವ ಬಟನ್. ಎರಡು ಮೂರು ಖಾತೆ ಇಟ್ಟುಕೊಂಡವರು ತಪ್ಪು ಖಾತೆಯಲ್ಲಿ ಬಂದಿರುವುದು ತುಂಬಾ ಸಾಮಾನ್ಯ, ಅವರಿಗೆ ಅನುಮತಿ ಇದೆ, ಈ ಖಾತೆಗೆ ಇಲ್ಲ ಅಷ್ಟೇ. ಓಪನ್‌ಐಡಿ ಕನೆಕ್ಟ್‌ನಲ್ಲಿ "ಪ್ರಾಂಪ್ಟ್" ಅನ್ನುವುದಕ್ಕೆ "ಸೆಲೆಕ್ಟ್ ಅಕೌಂಟ್" ಬೆಲೆ ಕಳಿಸಿದರೆ ಖಾತೆ ಆರಿಸುವ ಪುಟ ಕೇಳಬಹುದು. ಅದನ್ನು ಕಳಿಸದಿದ್ದರೆ ಹಳೆ ಖಾತೆಯಲ್ಲೇ ಮತ್ತೆ ಒಳಗೆ ಬಂದು ಅದೇ ಪುಟ ನೋಡುವ ಸಾಧ್ಯತೆ ಇದೆ. ಆಮೇಲೆ ಅನುಮತಿ ಕೇಳುವ ಫಾರ್ಮ್, ಅದರಲ್ಲಿ ಪುಟದ ಸಂಖ್ಯೆ ತಾನಾಗೇ ತುಂಬಿರಲಿ. ಪುಟದ ಶೀರ್ಷಿಕೆ ಮಾತ್ರ ಬೇಡ.

ಇನ್ನೊಂದು ಚಿಕ್ಕ ಉಪಾಯ. ತುಂಬಾ ಪೋರ್ಟಲ್‌ಗಳು ಲಾಗಿನ್ ಆದ ಕ್ಷಣದ ಗುಂಪುಗಳ ಪಟ್ಟಿಯನ್ನು ಟೋಕನ್‌ನಲ್ಲಿ (ಲಾಗಿನ್ ಆದವರ ಡಿಜಿಟಲ್ ಗುರುತಿನ ಚೀಟಿ) ಇಟ್ಟುಕೊಂಡು ಅದನ್ನೇ ನೋಡುತ್ತಿರುತ್ತವೆ. ಈಗ ತಾನೇ ಅನುಮತಿ ಸಿಕ್ಕಿದವರಿಗೂ "ಇಲ್ಲ" ಅನ್ನುತ್ತವೆ, ಲಾಗೌಟ್ ಆಗಿ ಬನ್ನಿ ಅಂತ ಯಾರೋ ಹೇಳುವವರೆಗೆ. ಹಾಗಾಗಿ ಇಲ್ಲ ಅನ್ನುವ ಮುಂಚೆ ಒಂದು ಸಲ ಅನುಮತಿಯ ಮೂಲದಿಂದ ತಾಜಾ ಪಟ್ಟಿ ತರಿಸಿ ನೋಡಿ. ಅನುಮತಿ ಕಿತ್ತುಕೊಂಡವರ ವಿಷಯದಲ್ಲಿ ಈ ಉಪಾಯ ಸಾಲದು, ಅಲ್ಲಿ ಟೋಕನ್‌ನ ಆಯುಸ್ಸನ್ನೇ ಚಿಕ್ಕದು ಮಾಡಬೇಕು.

## ಹೆಜ್ಜೆ 6: ಕ್ಯಾಶ್

ಅನುಮತಿ ನೋಡಿ ಕೊಡುವ ರಿಡೈರೆಕ್ಟ್‌ಗೆ, ನಿರಾಕರಣೆಗೆ ಎಲ್ಲಕ್ಕೂ "ನೋ-ಸ್ಟೋರ್" ಹಾಕಿ. 404ನ್ನು ಮರೆಯಬೇಡಿ. 301ರ ಹಾಗೆ 404 ಕೂಡ ಏನೂ ಹೇಳದಿದ್ದರೆ ಕ್ಯಾಶ್ ಆಗಬಹುದಾದ ಕೋಡ್‌ಗಳ ಪಟ್ಟಿಯಲ್ಲೇ ಇದೆ. ನಡುವೆ ಸಿಡಿಎನ್ (ಪುಟಗಳ ಪ್ರತಿ ಇಟ್ಟುಕೊಂಡು ಹಂಚುವ ಸರ್ವರ್ ಜಾಲ) ಇದ್ದರೆ ಒಬ್ಬರಿಗೆ ಕೊಟ್ಟ 404 ಎಲ್ಲರಿಗೂ ಹಂಚಿಹೋಗುತ್ತದೆ.

ಅದಕ್ಕಿಂತ ಕೆಟ್ಟದ್ದು ಉಲ್ಟಾ ಆಗುವುದು: ಸಿಬ್ಬಂದಿಗೆ ಕೊಟ್ಟ ಪುಟವನ್ನು ಸಿಡಿಎನ್ ಇಟ್ಟುಕೊಂಡು ಮುಂದೆ ಬಂದವರಿಗೆಲ್ಲ ಕೊಡುವುದು. ಸಂರಕ್ಷಿತ ಪುಟಕ್ಕೆ ಕನಿಷ್ಠ "ಪ್ರೈವೇಟ್" (ಓದುಗರ ಬ್ರೌಸರ್ ಮಾತ್ರ ಇಟ್ಟುಕೊಳ್ಳಬಹುದು) ಇರಲೇಬೇಕು. "ವೇರಿ: ಕುಕಿ" (ಕುಕಿ ಬೇರೆಯಾದರೆ ಉತ್ತರವೂ ಬೇರೆ) ಹಾಕಿದರೆ ಸಾಕಲ್ವಾ ಅಂತ ಕೇಳುತ್ತಾರೆ. ಸಿದ್ಧಾಂತದಲ್ಲಿ ಹೌದು, ಆದರೆ ಎಲ್ಲ ಸಿಡಿಎನ್‌ಗಳೂ ವೇರಿಯನ್ನು ಪೂರ್ತಿ ಗೌರವಿಸುವುದಿಲ್ಲ. ಸಾರ್ವಜನಿಕ ಭಾಗ ಮತ್ತು ಸಂರಕ್ಷಿತ ಭಾಗವನ್ನು ಬೇರೆ ಬೇರೆ ವಿಳಾಸದ ಅಡಿ ಇಟ್ಟು ಎರಡನೆಯದನ್ನು ಸಿಡಿಎನ್ ಮುಟ್ಟದ ಹಾಗೆ ಮಾಡುವುದೇ ಸುರಕ್ಷಿತ.

## ಹೆಜ್ಜೆ 7: ಎಂಜಿನ್‌ಎಕ್ಸ್‌ನಲ್ಲಿ ಮಾಡುವುದಾದರೆ

ಡಾಕುಸಾರಸ್‌ನಂಥ ಸಾಧನದಿಂದ ತಯಾರಾದ ಸ್ಥಿರ ಸೈಟ್‌ಗೆ ಅನುಮತಿಯ ಗಂಧವೇ ಇರುವುದಿಲ್ಲ. ಬರೀ ಫೈಲುಗಳು. ಅವುಗಳ ಮುಂದೆ ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ನಿಲ್ಲಿಸಿ "ಆಥ್-ರಿಕ್ವೆಸ್ಟ್" ಮಾಡ್ಯೂಲ್ ಬಳಸುವುದು ಸಾಮಾನ್ಯ ದಾರಿ. ಪ್ರತಿ ಕೋರಿಕೆ ಬಂದಾಗ ಅದು ಒಳಗೊಳಗೇ ನಿಮ್ಮ ಅನುಮತಿ ಸೇವೆಯನ್ನು ಕೇಳುತ್ತದೆ.

ಇಲ್ಲಿ ಎಲ್ಲರೂ ಎಡವುವ ಕಲ್ಲು ಒಂದಿದೆ. ಅನುಮತಿ ಸೇವೆಯೇ 302 ಕೊಟ್ಟು ಲಾಗಿನ್‌ಗೆ ಕಳಿಸಲಿ ಅಂತ ಬರೆಯುತ್ತಾರೆ. ಆದರೆ ಈ ಮಾಡ್ಯೂಲ್‌ಗೆ ಅರ್ಥವಾಗುವುದು ಮೂರೇ: 200ರ ಸಾಲಿನ ಉತ್ತರ ಬಂದರೆ ಒಳಗೆ ಬಿಡುತ್ತದೆ, 401 ಅಥವಾ 403 ಬಂದರೆ ನಿರಾಕರಿಸುತ್ತದೆ, ಬೇರೆ ಏನೇ ಬಂದರೂ ಅದು ದೋಷ. 302 ಕೊಟ್ಟರೆ ಓದುಗರಿಗೆ ಕಾಣುವುದು 500, ಅಂದರೆ ಸರ್ವರ್ ದೋಷ. ಹಾಗಾಗಿ ಅನುಮತಿ ಸೇವೆ ಬರೀ ತೀರ್ಪು ಹೇಳಲಿ, ರಿಡೈರೆಕ್ಟ್ ಮಾಡುವ ಕೆಲಸ ಎಂಜಿನ್‌ಎಕ್ಸ್‌ಗೆ ಬಿಡಿ. ಎರರ್-ಪೇಜ್ ನಿಯಮದಲ್ಲಿ 401ನ್ನು ಲಾಗಿನ್‌ಗೆ, 403ನ್ನು ಅನುಮತಿ ಕೇಳುವ ಪುಟಕ್ಕೆ ಜೋಡಿಸಿ. ಮೂಲ ವಿಳಾಸವನ್ನು ಒಂದು ಹೆಡರ್‌ನಲ್ಲಿ ಅನುಮತಿ ಸೇವೆಗೆ ನೀವೇ ಕಳಿಸಬೇಕು, ಇಲ್ಲದಿದ್ದರೆ ಯಾವ ಪುಟದ ಬಗ್ಗೆ ಕೇಳುತ್ತಿದ್ದೀರಿ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಈ ವ್ಯವಸ್ಥೆ ಬಳಸದವರಿಗೂ ಆ ವಿಂಗಡಣೆ ಅನುಕೂಲವೇ. ತೀರ್ಪು ಒಂದು ಕಡೆ, ದಾರಿ ಇನ್ನೊಂದು ಕಡೆ.

## ಹೆಜ್ಜೆ 8: ರಿಡೈರೆಕ್ಟ್ ತಪ್ಪಿಸಿ ಒಳಗೆ ಬರುವ ದಾರಿಗಳನ್ನು ಹುಡುಕಿ

ಪುಟಕ್ಕೆ ಪಹರೆ ಹಾಕಿದಿರಿ. ಪುಟದೊಳಗಿನ ಚಿತ್ರ, ಪಿಡಿಎಫ್‌ಗೆ? ಅವು ಬೇರೆ ಸ್ಟೋರೇಜ್‌ನಲ್ಲಿದ್ದು ನೇರ ವಿಳಾಸ ಗೊತ್ತಿದ್ದವರಿಗೆಲ್ಲ ತೆರೆಯುತ್ತಿದ್ದರೆ ಪಹರೆಗೆ ಅರ್ಥವಿಲ್ಲ. ಸಹಿ ಮಾಡಿದ ತಾತ್ಕಾಲಿಕ ವಿಳಾಸ ಕೊಡುವುದು ಒಂದು ಉತ್ತರ, ಆದರೆ ಓದುಗರು ಅದನ್ನೇ ಕಾಪಿ ಮಾಡಿ ಹಂಚುತ್ತಾರೆ. ಅವಧಿ ಇರುವವರೆಗೆ ಯಾರಿಗೆ ಬೇಕಾದರೂ ತೆರೆಯುತ್ತದೆ, ಅವಧಿ ಮುಗಿದ ಮೇಲೆ ಅನುಮತಿ ಇರುವವರಿಗೂ ತೆರೆಯುವುದಿಲ್ಲ. ಫೈಲ್‌ಗೂ ಪೋರ್ಟಲ್‌ನ ಸ್ಥಿರ ವಿಳಾಸ ಕೊಟ್ಟು, ಅದು ಅನುಮತಿ ನೋಡಿ ಆಮೇಲೆ ಚಿಕ್ಕ ಅವಧಿಯ ವಿಳಾಸಕ್ಕೆ 302 ಮಾಡಲಿ.

ಸ್ಥಿರ ಸೈಟ್‌ಗಳ ಸರ್ಚ್ ಇಂಡೆಕ್ಸ್ ಇದಕ್ಕಿಂತ ಅಪಾಯ. ಬ್ರೌಸರ್‌ನಲ್ಲೇ ಹುಡುಕುವ ಸೌಲಭ್ಯ ಇದ್ದರೆ ಎಲ್ಲ ಪುಟಗಳ ಪಠ್ಯ ಒಂದು ಜೇಸನ್ ಫೈಲ್‌ನಲ್ಲಿ ಕೂತಿರುತ್ತದೆ. ಮೆನುವಿನಿಂದ ಪುಟದ ಹೆಸರು ತೆಗೆದು, ಸ್ಕ್ರಿಪ್ಟ್‌ನಲ್ಲಿ ಕಾವಲು ಹಾಕಿದರೂ ಆ ಫೈಲ್ ಡೌನ್‌ಲೋಡ್ ಮಾಡಿದವರಿಗೆ ಎಲ್ಲವೂ ಸಿಗುತ್ತದೆ. ಗುಂಪಿಗೊಂದು ಇಂಡೆಕ್ಸ್ ಬೇರೆಯಾಗಿ ಕಟ್ಟಿ, ಇಲ್ಲವೇ ಹುಡುಕಾಟವನ್ನು ಸರ್ವರ್‌ಗೆ ಒಯ್ಯಿರಿ. ಸೈಟ್‌ಮ್ಯಾಪ್ ಫೈಲನ್ನೂ ಒಮ್ಮೆ ತೆರೆದು ನೋಡಿ. ಚಾಟ್‌ನಲ್ಲಿ ಲಿಂಕ್ ಹಾಕಿದಾಗ ಬರುವ ಪ್ರಿವ್ಯೂನಲ್ಲಿ ಶೀರ್ಷಿಕೆ ಕಾಣುತ್ತಿದೆಯಾ ನೋಡಿ. ಪ್ರಿವ್ಯೂ ತರುವ ಬಾಟ್‌ಗೆ ಲಾಗಿನ್ ಇಲ್ಲ, ಅದಕ್ಕೆ ಶೀರ್ಷಿಕೆ ಸಿಕ್ಕಿದೆ ಅಂದರೆ ಎಲ್ಲರಿಗೂ ಸಿಗುತ್ತದೆ. ಲಾಗಿನ್ ಪುಟಕ್ಕೆ "ನೋಇಂಡೆಕ್ಸ್" (ಸರ್ಚ್ ಎಂಜಿನ್‌ಗಳು ಪಟ್ಟಿಗೆ ಸೇರಿಸಬೇಡಿ ಅನ್ನುವ ಸೂಚನೆ) ಹಾಕಿ.

## ಹೆಜ್ಜೆ 9: ಪರೀಕ್ಷೆ

ಲಿಂಕ್ ಪರೀಕ್ಷಿಸುವ ಸಾಧನ ಓಡಿಸಿ ಎಲ್ಲ ಹಸಿರು ಬಂತು ಅಂತ ಖುಷಿ ಪಡಬೇಡಿ. ಆ ಸಾಧನ ಲಾಗಿನ್ ಇಲ್ಲದೆ ಹೋಗುತ್ತದೆ, 302 ಹಿಂಬಾಲಿಸುತ್ತದೆ, ಲಾಗಿನ್ ಪುಟ ತಲುಪುತ್ತದೆ, ಲಾಗಿನ್ ಪುಟ 200 ಕೊಡುತ್ತದೆ. ಸಂರಕ್ಷಿತ ಭಾಗದಲ್ಲಿ ಅಳಿಸಿಹೋದ ಪುಟಗಳೂ ಹಸಿರೇ. ಕೊನೆಗೆ ತಲುಪಿದ ವಿಳಾಸ ಯಾವುದು ಅಂತ ನೋಡುವ ಪರೀಕ್ಷೆ ಬೇಕು, ಬರೀ ಕೋಡ್ ಸಾಲದು.

ಪ್ರತಿ ಥರದ ಓದುಗರಿಗೂ ಒಂದು ಪರೀಕ್ಷಾ ಖಾತೆ ಮಾಡಿ. ಸಾರ್ವಜನಿಕ, ಗ್ರಾಹಕ, ಸಿಬ್ಬಂದಿ, ಗುಟ್ಟಿನ ಪುಟ ಒಂದೊಂದು ಆರಿಸಿ. ಪ್ರತಿ ಜೋಡಿಗೂ ನಿರೀಕ್ಷಿತ ಉತ್ತರವನ್ನು ಹೆಜ್ಜೆ 2ರಲ್ಲಿ ಬರೆದಿಟ್ಟಿದ್ದೀರಿ, ಅದನ್ನೇ ಪರೀಕ್ಷೆಯಾಗಿ ಮಾಡಿ, ಪ್ರತಿ ಬಿಡುಗಡೆಗೂ ಓಡಿಸಿ. ಕೈಯಿಂದ ನೋಡುವುದಾದರೆ ಕರ್ಲ್ (ಟರ್ಮಿನಲ್‌ನಿಂದ ವಿಳಾಸ ಕೇಳುವ ಸಾಧನ) ಸಾಕು, ರಿಡೈರೆಕ್ಟ್ ಹಿಂಬಾಲಿಸುವ ಆಯ್ಕೆ ಹಾಕದೆ ಮೊದಲ ಉತ್ತರದ ಹೆಡರ್‌ಗಳನ್ನು ಮಾತ್ರ ನೋಡಿ: ಕೋಡ್, ಲೊಕೇಶನ್, ಕ್ಯಾಶ್-ಕಂಟ್ರೋಲ್. ಬ್ರೌಸರ್‌ನಲ್ಲಿ ನೋಡುವುದಾದರೆ ಹೊಸ ಪ್ರೈವೇಟ್ ಕಿಟಕಿ ತೆರೆಯಿರಿ, ಹಳೆ 301 ನೆನಪಿನಲ್ಲಿದ್ದರೆ ದಾರಿ ತಪ್ಪಿಸುತ್ತದೆ. ಸೆಷನ್ ಮುಗಿದಾಗ ಏನಾಗುತ್ತದೆ ಅನ್ನುವುದನ್ನೂ ನೋಡಿ: ಪುಟ ತೆರೆದಿಟ್ಟು, ಕುಕಿ ಅಳಿಸಿ, ಸರ್ಚ್ ಪೆಟ್ಟಿಗೆಯಲ್ಲಿ ಏನಾದರೂ ಟೈಪ್ ಮಾಡಿ.

ಲಾಗ್‌ನಲ್ಲಿ ಕೋಡ್ ಜೊತೆ ಕಾರಣವನ್ನೂ ಬರೆಯಿರಿ. ಸೆಷನ್ ಇಲ್ಲ, ಗುಂಪಿನಲ್ಲಿ ಇಲ್ಲ, ಪುಟ ಇಲ್ಲ, ಪುಟ ಬೇರೆ ಕಡೆ ಹೋಗಿದೆ, ಮರಳುವ ವಿಳಾಸ ಹೊರಗಿನದು ಅಂತ ಐದಾರು ಕಾರಣ ಸಾಕು. ಓದುಗರಿಗೆ ತೋರಿಸಿದ್ದು ಎರಡೂ ಸಲ ಒಂದೇ 404 ಆಗಿರಬಹುದು, ನಿಮ್ಮ ಲಾಗ್‌ನಲ್ಲಿ ಮಾತ್ರ ಒಂದು "ಪುಟ ಇಲ್ಲ", ಇನ್ನೊಂದು "ಅನುಮತಿ ಇಲ್ಲ" ಅಂತ ಬೇರೆ ಬೇರೆ ಇರಬೇಕು. ನಿರಾಕರಣೆ ಪುಟದ ಮೂಲೆಯಲ್ಲಿ ಒಂದು ಚಿಕ್ಕ ಉಲ್ಲೇಖ ಸಂಖ್ಯೆ ಹಾಕಿ, ಅದೇ ಸಂಖ್ಯೆ ಲಾಗ್‌ನಲ್ಲೂ ಇರಲಿ. "ಲಿಂಕ್ ಓಪನ್ ಆಗ್ತಿಲ್ಲ" ಅಂತ ಬಂದವರನ್ನು ಆ ಸಂಖ್ಯೆ ಒಂದನ್ನು ಕೇಳಿದರೆ ಸಾಕು.